ತಿಂಗಳಿಗೊಮ್ಮೆ ಬಂದು ಹೋಗುವ ತಲೆನೋವು: ಹದಿಹರೆಯದ ಮಕ್ಕಳ ಮೈಗ್ರೇನ್ ನಿಭಾಯಿಸುವ ಬಗೆ

ನಮ್ಮ ಮನೆಯಲ್ಲಿ ಅದಕ್ಕೆ ಮೊದಲಿನಿಂದಲೂ ಇದ್ದ ಹೆಸರು ಪಿತ್ತ. ಅಜ್ಜಿಗೆ ತಿಂಗಳಿಗೊಮ್ಮೆ ಪಿತ್ತ ಕೆದರುತ್ತಿತ್ತು. ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು ಉಗ್ರಾಣದ ಕತ್ತಲಲ್ಲಿ ಮಲಗುತ್ತಿದ್ದರು. ಒಮ್ಮೆ ವಾಂತಿಯಾಗಿಬಿಟ್ಟರೆ ಎದ್ದು ಬಂದು ಸಂಜೆಯ ಹಾಲು ಕರೆಯುತ್ತಿದ್ದರು. ವಾಂತಿಯ ಜೊತೆಗೇ ನೋವೂ ಇಳಿಯುತ್ತಿದ್ದುದರಿಂದ, ಹೊರಗೆ ಹೋದದ್ದು ಪಿತ್ತವೇ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅಮ್ಮನಿಗೂ ಹಾಗೆಯೇ ಆಗುತ್ತಿತ್ತು. ಎಂಟನೇ ತರಗತಿಯಲ್ಲಿದ್ದ ನನ್ನ ಮಗಳು ಒಂದು ಮಧ್ಯಾಹ್ನ ತೀರ್ಥಹಳ್ಳಿಯಿಂದ ಬರುವ ಬಸ್ ಇಳಿದು, ಚೀಲವನ್ನು ಜಗಲಿಯಲ್ಲಿ ಬಿಟ್ಟು, ಯಾರ ಮಾತಿಗೂ ಉತ್ತರ ಕೊಡದೆ ಅದೇ ಉಗ್ರಾಣ ಹೊಕ್ಕು ಬಾಗಿಲು ಹಾಕಿಕೊಂಡಳು. ಅಜ್ಜಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಆ ಕೋಣೆಯ ದಾರಿಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳು ನಾಲ್ಕು ಕಡುಬು ತಿಂದು ಶಾಲೆಗೆ ಹೋದಳು. ಮೂರು ವಾರ ಏನೂ ಇಲ್ಲ. ಆಮೇಲೆ ಮತ್ತೆ ಅದೇ. ಗಣಿತದ ಕಿರುಪರೀಕ್ಷೆ ತಪ್ಪಿಸಿಕೊಳ್ಳುವ ಉಪಾಯ ಎಂದರು ಭಾವ. ಮೊಬೈಲ್ ನೋಡಿ ನೋಡಿ ಹೀಗಾಗಿದೆ ಎಂದರು ಪಕ್ಕದ ಮನೆಯವರು. ಅತ್ತೆ ಉಪ್ಪು, ಒಣಮೆಣಸು ನಿವಾಳಿಸಿ ಬಚ್ಚಲ ಒಲೆಗೆ ಹಾಕಿದರು. ಆ ಹೊಗೆಗೆ ಮಗಳ ನೋವು ಇನ್ನಷ್ಟು ಏರಿತು.

ಅಪರೂಪಕ್ಕೆ ಬರುವ ಮೈಗ್ರೇನಿನ ಕಷ್ಟ ಇರುವುದೇ ಇಲ್ಲಿ. ನೋವಿಲ್ಲದ ದಿನಗಳಲ್ಲಿ ಮಗು ಕುಣಿದಾಡಿಕೊಂಡಿರುತ್ತದೆ, ಹಾಗಾಗಿ ನೋವಿನ ದಿನ ಅದನ್ನು ಯಾರೂ ನಂಬುವುದಿಲ್ಲ. ವೈದ್ಯರಿಗಾದರೋ ನಡುವೆ ಪೂರ್ತಿ ಚೆನ್ನಾಗಿರುವುದೇ ಮೈಗ್ರೇನಿನ ಒಂದು ಗುರುತು. ನಾನು ವೈದ್ಯೆಯಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಮಗಳ ಜೊತೆಗಿನ ನಾಲ್ಕು ವರ್ಷದಲ್ಲಿ, ವೈದ್ಯರಿಂದಲೂ ನನ್ನ ತಪ್ಪುಗಳಿಂದಲೂ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಗುರುತು ಹಿಡಿಯುವುದು

ಅರೆತಲೆನೋವು ಎಂಬ ಹೆಸರು ದೊಡ್ಡವರಿಗೆ ಹೊಂದುತ್ತದೆ, ಮಕ್ಕಳಿಗೆ ಅಷ್ಟಾಗಿ ಹೊಂದುವುದಿಲ್ಲ. ಹದಿಮೂರು, ಹದಿನಾಲ್ಕರ ಮಕ್ಕಳಲ್ಲಿ ನೋವು ಎಷ್ಟೋ ಸಲ ಎರಡೂ ಕಡೆ, ಹಣೆಯ ಅಡ್ಡಕ್ಕೆ ಬರುತ್ತದೆ. ಬೆಳೆಯುತ್ತಾ ಹೋದಂತೆ ಒಂದು ಪಕ್ಕಕ್ಕೆ ಸರಿಯುತ್ತದೆ. ಎರಡೂ ಕಡೆ ನೋಯುತ್ತಿದೆ, ಆದ್ದರಿಂದ ಮೈಗ್ರೇನ್ ಅಲ್ಲ ಎಂದು ನಾನು ಆರು ತಿಂಗಳು ಕಳೆದಿದ್ದೆ.

ಮಕ್ಕಳಲ್ಲಿ ಒಂದು ಸಲದ ನೋವು ಎರಡು ಗಂಟೆಯಿಂದ 72 ಗಂಟೆಯವರೆಗೂ ಇರಬಹುದು. ನೋವು ಮಿಡಿಯುತ್ತದೆ, ಸುತ್ತಿಗೆ ಹೊಡೆದ ಹಾಗೆ ಎಂದು ಮಗಳು ಹೇಳುತ್ತಿದ್ದಳು. ಮೆಟ್ಟಿಲು ಹತ್ತಿದರೂ ನಾಲ್ಕು ಹೆಜ್ಜೆ ಓಡಿದರೂ ಏರುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯಾಗಬಹುದು. ಬೆಳಕು, ಸದ್ದು ಬೇಡವಾಗುತ್ತದೆ. ಇಂಥ ಚಹರೆಯ ನೋವು ಕನಿಷ್ಠ ಐದು ಸಲವಾದರೂ ಬಂದುಹೋಗಿರಬೇಕು ಎಂಬುದು ವೈದ್ಯರು ಹೆಸರಿಡುವ ಮುನ್ನ ನೋಡುವ ಲೆಕ್ಕ. ಬೆಳಕು ಆಗುತ್ತಿಲ್ಲ ಎಂದು ಮಗು ಬಾಯಿಬಿಟ್ಟು ಹೇಳದೆ ಇರಬಹುದು. ಟಿವಿಯನ್ನು ತಾನಾಗಿಯೇ ಆರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಹೇಳಿದಂತೆಯೇ. ಟಿವಿ ನೋಡುತ್ತಾ ತಲೆನೋವು ಎನ್ನುವ ಮಗುವಿಗೂ, ಟಿವಿ ಆರಿಸಿ ತಲೆನೋವು ಎನ್ನುವ ಮಗುವಿಗೂ ಇರುವ ವ್ಯತ್ಯಾಸ ನನಗೆ ಪುಸ್ತಕಕ್ಕಿಂತ ಹೆಚ್ಚು ಕಲಿಸಿತು.

ಕೆಲವು ಮಕ್ಕಳಿಗೆ ನೋವಿಗೆ ಮೊದಲು ಕಣ್ಣ ಮುಂದೆ ಮಿಂಚುವ ಅಂಕುಡೊಂಕು ಗೆರೆ, ಚುಕ್ಕಿ, ಅಥವಾ ಅಕ್ಷರದ ಅರ್ಧ ಭಾಗ ಅಳಿಸಿಹೋದಂತೆ ಕಾಣುತ್ತದೆ. ಐದು ನಿಮಿಷದಿಂದ ಒಂದು ಗಂಟೆಯೊಳಗೆ ಅದು ಮಾಯವಾಗುತ್ತದೆ. ಇದಕ್ಕೆ ಆರಾ ಎನ್ನುತ್ತಾರೆ. ಮೊದಲ ಸಲ ಕಂಡ ಮಗು ಬೆಚ್ಚಿಬೀಳುವುದು ಸಹಜ. ಮೊದಲ ಸಲವಾದರೆ ವೈದ್ಯರಿಗೆ ತೋರಿಸಲೇಬೇಕು. ಇನ್ನೊಂದು ಹಳೆಯ ಸುಳಿವೂ ಉಂಟು. ಮೈಗ್ರೇನ್ ಇರುವವರಲ್ಲಿ ಅನೇಕರು ಚಿಕ್ಕಂದಿನಿಂದಲೇ ಬಸ್ಸಿನಲ್ಲಿ ವಾಂತಿ ಮಾಡುವವರು. ಆಗುಂಬೆ ಘಾಟಿಯ ತಿರುವುಗಳಲ್ಲಿ ನಿಂಬೆಹಣ್ಣು ಮೂಸುತ್ತಾ ಕುಳಿತುಕೊಳ್ಳುತ್ತಿದ್ದ ಮಗುವಿಗೆ ಮುಂದೆ ಇದು ಬಂದರೆ ಆಶ್ಚರ್ಯಪಡಬೇಕಿಲ್ಲ.

ಇನ್ನು ಪಿತ್ತದ ಮಾತು. ಮುಖ ಮತ್ತು ತಲೆಯ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ಎಂಬ ನರ ಕೆರಳಿದಾಗ, ಅದರ ತುದಿಗಳಿಂದ ಸಿಜಿಆರ್‌ಪಿ ಮೊದಲಾದ ರಾಸಾಯನಿಕಗಳು ಮಿದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ಬಿಡುಗಡೆಯಾಗುತ್ತವೆ. ನೋವು ಹುಟ್ಟುವುದು ಅಲ್ಲಿ. ನೋವಿನ ಹೊತ್ತಿನಲ್ಲಿ ಜಠರದ ಕೆಲಸವೂ ನಿಧಾನವಾಗುತ್ತದೆ. ಅಂದರೆ ವಾಂತಿ ತಲೆನೋವಿನ ಮರಿ, ತಾಯಿ ಅಲ್ಲ. ಅಜ್ಜಿ ಕಂಡದ್ದು ಸುಳ್ಳಲ್ಲ. ವಾಂತಿಯಾದ ಮೇಲೆ ಹಲವರಿಗೆ ನೋವು ಇಳಿಯುವುದು ನಿಜವೇ. ಕಾರಣ ಮಾತ್ರ ಹೊಟ್ಟೆಯಲ್ಲಿ ಇರಲಿಲ್ಲ. ಜಠರ ನಿಧಾನವಾಗುವ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮಾತ್ರೆಯ ವಿಷಯ ಬಂದಾಗ ಬೇಕಾಗುತ್ತದೆ.

ಈ ಒಲವು ಬಹುಮಟ್ಟಿಗೆ ಮನೆತನದಲ್ಲಿ ಹರಿದು ಬರುತ್ತದೆ. ಮೈನೆರೆಯುವ ಮೊದಲು ಹುಡುಗರಲ್ಲೂ ಹುಡುಗಿಯರಲ್ಲೂ ಸುಮಾರಾಗಿ ಒಂದೇ ಪ್ರಮಾಣದಲ್ಲಿರುತ್ತದೆ, ಆಮೇಲೆ ಹುಡುಗಿಯರಲ್ಲಿ ಹೆಚ್ಚಾಗುತ್ತದೆ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಪಿತ್ತ, ಬಿಸಿಲು ತಲೆನೋವು, ಶೀತದ ತಲೆನೋವು ಎಂದು ಬೇರೆ ಬೇರೆ ಹೆಸರಿನಲ್ಲಿ ಇದೇ ಬದುಕಿದ್ದಿರಬಹುದು.

ಹೆಜ್ಜೆ 2: ಮೈಗ್ರೇನ್ ಅಲ್ಲದ್ದನ್ನು ಬೇರೆ ಮಾಡುವುದು

ಇದನ್ನು ಬೇರೆ ಊರಿನವರು ಬರೆದರೆ ಒಂದು ವಾಕ್ಯದಲ್ಲಿ ಮುಗಿಸಬಹುದು. ಮಲೆನಾಡಿನಲ್ಲಿ ಮುಗಿಸಲಾಗದು. ಇಲ್ಲಿ ತಲೆನೋವಿನ ಜೊತೆ ಜ್ವರ ಇದೆ ಎಂದರೆ ಮೈಗ್ರೇನಿನ ಯೋಚನೆಯನ್ನೇ ಬದಿಗಿಡಬೇಕು.

ಡಿಸೆಂಬರಿನಿಂದ ಮೇ ತಿಂಗಳವರೆಗೆ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿ ಆ ಕಾಡಿನ ಹೆಸರನ್ನೇ ಹೊತ್ತ ಕಾಯಿಲೆ ಅದು. ವೈರಸ್ ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳದ ಕಡಿತದಿಂದ. ಇದ್ದಕ್ಕಿದ್ದಂತೆ ಚಳಿಜ್ವರ, ತೀವ್ರ ತಲೆನೋವು, ಸೊಂಟ ಮತ್ತು ಕಾಲಿನ ಸ್ನಾಯುಗಳಲ್ಲಿ ಎಳೆತ, ವಾಂತಿ, ಕೆಂಪಾದ ಕಣ್ಣು. ವಾಂತಿ ಮತ್ತು ತಲೆನೋವು ಎರಡೂ ಇರುವುದರಿಂದ, ಮೊದಲೇ ಮೈಗ್ರೇನ್ ಇರುವ ಮಗುವಿನ ಮನೆಯಲ್ಲಿ ಇದು ಮೋಸ ಮಾಡಬಹುದು. ಕೆಲವರಿಗೆ ಮೊದಲ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಎರಡನೇ ಸುತ್ತು ಬರುತ್ತದೆ. ಆಗ ತಲೆನೋವು, ಕುತ್ತಿಗೆ ಬಿಗಿತ, ಮಂಕು ಎಲ್ಲವೂ ಇರಬಹುದು. ಮಗು ದರಗು ತರಲು, ಸೌದೆಗೆ, ದನ ಹುಡುಕಲು ಕಾಡಿಗೆ ಹೋಗಿತ್ತೇ, ಹತ್ತಿರದಲ್ಲಿ ಮಂಗ ಸತ್ತುಬಿದ್ದ ಸುದ್ದಿ ಇದೆಯೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ನೀವಾಗಿ ಹೇಳಿ.

ಮಳೆಗಾಲದಲ್ಲಿ ಇದರ ಜಾಗಕ್ಕೆ ಡೆಂಗಿ ಮತ್ತು ಇಲಿಜ್ವರ ಬರುತ್ತವೆ. ಡೆಂಗಿಯಲ್ಲಿ ಕಣ್ಣುಗುಡ್ಡೆಯ ಹಿಂದೆ ನೋವು. ಇಲಿಜ್ವರ ಕೆಸರುಗದ್ದೆಗೆ ಇಳಿದವರಿಗೆ, ಕಾಲಲ್ಲಿ ಗಾಯ ಇದ್ದವರಿಗೆ ಬೇಗ ಅಂಟುತ್ತದೆ. ಈ ಮೂರರಲ್ಲಿ ಯಾವುದರ ಅನುಮಾನ ಇದ್ದರೂ ಮನೆಯಲ್ಲಿರುವ ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಮುಟ್ಟಬೇಡಿ. ಇವು ರಕ್ತಸ್ರಾವದ ಅಪಾಯ ಹೆಚ್ಚಿಸುವ ಮಾತ್ರೆಗಳು. ಮಗುವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಕರೆದುಕೊಂಡು ಹೋಗಿ.

ಜ್ವರವಿಲ್ಲದಿದ್ದರೂ ತಡಮಾಡಬಾರದ ಸಂದರ್ಭಗಳು ಇವೆ. ಬದುಕಿನಲ್ಲಿ ಹಿಂದೆಂದೂ ಕಾಣದಂಥ ನೋವು ಸಿಡಿಲಿನಂತೆ ಒಂದೇ ನಿಮಿಷದಲ್ಲಿ ಏರಿದರೆ, ಬಿದ್ದು ಅಥವಾ ಬೈಕಿನಲ್ಲಿ ತಲೆಗೆ ಪೆಟ್ಟಾದ ಮೇಲೆ ಶುರುವಾದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಫಿಟ್ಸ್ ಬಂದರೆ, ಕತ್ತು ಬಗ್ಗಿಸಲಾಗದಿದ್ದರೆ, ಎಬ್ಬಿಸಿದರೂ ಮಂಪರು ಹೋಗದಿದ್ದರೆ 108ಕ್ಕೆ ಕರೆ ಮಾಡಿ. ನೋವು ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋಗುವುದು, ನೋವೇ ಮಗುವನ್ನು ನಿದ್ದೆಯಿಂದ ಎಬ್ಬಿಸುವುದು, ಬೆಳಗ್ಗೆ ಎದ್ದ ಕೂಡಲೇ ವಾಂತಿ, ಕೆಮ್ಮಿದರೆ ಅಥವಾ ಬಗ್ಗಿದರೆ ಮಾತ್ರ ಬರುವ ನೋವು, ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆಯಲ್ಲಿ ತೂರಾಟ ಇವು ಆಂಬುಲೆನ್ಸ್ ಕರೆಯುವಷ್ಟು ಅಲ್ಲದಿದ್ದರೂ ಮುಂದಿನ ರಜೆಯವರೆಗೆ ಕಾಯುವಂಥವೂ ಅಲ್ಲ. ಅದೇ ದಿನ, ಹೆಚ್ಚೆಂದರೆ ಮರುದಿನ, ವೈದ್ಯರಿಗೆ ತೋರಿಸಿ.

ಹೆಜ್ಜೆ 3: ವೈದ್ಯರ ಹತ್ತಿರ

ತಲೆನೋವು ಎಂದ ಕೂಡಲೇ ನಮ್ಮವರು ಹೋಗುವುದು ಕನ್ನಡಕದ ಅಂಗಡಿಗೆ. ಕಣ್ಣು ಪರೀಕ್ಷಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ತಿಂಗಳಿಗೊಂದು ದಿನ ವಾಂತಿಯೊಂದಿಗೆ ಬರುವ ನೋವು ಅರ್ಧ ಪಾಯಿಂಟ್ ಕನ್ನಡಕದಿಂದ ಹೋಗುವುದಿಲ್ಲ. ಮಗಳಿಗೂ ಒಂದು ಕನ್ನಡಕ ಬಂತು. ಈಗ ಅದು ಕಪಾಟಿನಲ್ಲಿದೆ. ಸೈನಸ್ ಎಂದು ವಾರಗಟ್ಟಲೆ ಆಂಟಿಬಯೋಟಿಕ್ ನುಂಗಿದ ಮಕ್ಕಳನ್ನೂ ನನ್ನ ತರಗತಿಯಲ್ಲಿ ಕಂಡಿದ್ದೇನೆ. ಮೈಗ್ರೇನಿನಲ್ಲೂ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು, ಗೊಂದಲ ಅಲ್ಲಿಂದ.

ಮೊದಲು ಮಕ್ಕಳ ವೈದ್ಯರು ಸಾಕು. ಅಗತ್ಯ ಬಿದ್ದರೆ ಅವರೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ನರರೋಗ ತಜ್ಞರಿಗೋ ಬರೆದುಕೊಡುತ್ತಾರೆ. ಒಳ್ಳೆಯ ತಪಾಸಣೆಯಲ್ಲಿ ರಕ್ತದೊತ್ತಡ ನೋಡುತ್ತಾರೆ, ಕಣ್ಣಿನ ಹಿಂಭಾಗವನ್ನು ಬೆಳಕು ಹಾಕಿ ನೋಡುತ್ತಾರೆ, ನಡೆಸಿ, ಬೆರಳಿಂದ ಮೂಗು ಮುಟ್ಟಿಸಿ ನೋಡುತ್ತಾರೆ. ಇವೆಲ್ಲ ಸರಿಯಿದ್ದು ನೋವಿನ ಕಥೆಯೂ ಮೈಗ್ರೇನಿನದೇ ಆಗಿದ್ದರೆ ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸ್ಕ್ಯಾನ್ ಬರೆಯದ ವೈದ್ಯರನ್ನು ಅಸಡ್ಡೆಯವರು ಎಂದುಕೊಳ್ಳಬೇಡಿ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ವಸ್ತುವೇ ಅಲ್ಲ.

ಒಂದು ಮಾತು: ವೈದ್ಯರ ಮುಂದೆ ಮಗುವೇ ಮಾತಾಡಲಿ. ನಾನು ಮಗಳ ನೋವನ್ನು ಹತ್ತು ನಿಮಿಷ ವರ್ಣಿಸಿದ ಮೇಲೆ ವೈದ್ಯರು ಅವಳ ಕಡೆ ತಿರುಗಿ, ಈಗ ನೀನು ಹೇಳು ಎಂದರು. ನನಗೆ ಗೊತ್ತೇ ಇರದ ಅಂಕುಡೊಂಕು ಗೆರೆಗಳ ವಿಷಯ ಆಗ ಹೊರಬಂತು.

ಹೆಜ್ಜೆ 4: ಗೋಡೆಯ ಕ್ಯಾಲೆಂಡರ್

ಹಾಲಿನ ಲೆಕ್ಕ, ಆಳಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಎಲ್ಲರ ಮನೆಯ ಗೋಡೆಯಲ್ಲೂ ಇರುತ್ತದೆ. ಅದೇ ಸಾಕು, ಮೊಬೈಲ್ ಆ್ಯಪ್ ಬೇಕಿಲ್ಲ. ನೋವು ಬಂದ ದಿನದ ಚೌಕದಲ್ಲಿ ಶುರುವಾದ ಹೊತ್ತು, ಬಿಟ್ಟ ಹೊತ್ತು, ಹತ್ತಕ್ಕೆ ಎಷ್ಟು ನೋವು, ಕೊಟ್ಟ ಮಾತ್ರೆ ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಹಿಂದಿನ ದಿನದ ನಿದ್ದೆ, ತಪ್ಪಿದ ಊಟ, ಮುಟ್ಟಿನ ದಿನ, ಪ್ರಯಾಣ ಇವಕ್ಕೆ ಒಂದೊಂದು ಅಕ್ಷರ ಗೊತ್ತುಮಾಡಿಕೊಳ್ಳಿ. ಶಾಲೆ ತಪ್ಪಿದ ದಿನಕ್ಕೆ ಸುತ್ತು ಹಾಕಿ. ಮೂರು ತಿಂಗಳು ಬೇಕು. ಒಂದು ತಿಂಗಳ ಲೆಕ್ಕ ಏನನ್ನೂ ಹೇಳುವುದಿಲ್ಲ.

ನಮ್ಮ ಮೂರು ತಿಂಗಳು ಅಕ್ಟೋಬರಿನಿಂದ ಡಿಸೆಂಬರ್, ಅಂದರೆ ಅಡಿಕೆ ಕೊಯ್ಲಿನ ಕಾಲ. ಐದು ನೋವುಗಳು ದಾಖಲಾದವು. ಮೂರು ಬಿದ್ದದ್ದು ಸುಲಿತದ ರಾತ್ರಿಯ ಮರುದಿನ. ಅಂಗಳದಲ್ಲಿ ದೊಡ್ಡ ದೀಪ ಹಾಕಿ ಮೆಟ್ಟುಕತ್ತಿಯ ಮುಂದೆ ಎಲ್ಲರೂ ಕುಳಿತು, ಹರಟೆಯಲ್ಲಿ ಹನ್ನೊಂದೂವರೆ ದಾಟಿದ್ದೇ ಗೊತ್ತಾಗುತ್ತಿರಲಿಲ್ಲ. ಮಗಳು ಸುಲಿಯದಿದ್ದರೂ ಅಲ್ಲೇ ಇರುತ್ತಿದ್ದಳು. ಬೆಳಗ್ಗೆ ಆರಕ್ಕೆ ಎದ್ದು, ತಿಂಡಿ ಬಿಟ್ಟು, ಏಳರ ಬಸ್ಸಿಗೆ ಓಟ. ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆಯೇ ಕಾರಣ ಎಂದು ನಾನು ಅಲ್ಲಿಯವರೆಗೆ ಪಣ ಕಟ್ಟಿದ್ದೆ. ಅಡಿಕೆ ಬೇಯಿಸಿದ ಆದರೆ ಬೇಗ ಮಲಗಿದ ದಿನಗಳಲ್ಲಿ ನೋವೇ ಇರಲಿಲ್ಲ ಎಂದು ಕ್ಯಾಲೆಂಡರ್ ತೋರಿಸಿತು. ಉಳಿದ ಎರಡರಲ್ಲಿ ಒಂದು ಮುಟ್ಟಿನ ಹಿಂದಿನ ದಿನ, ಇನ್ನೊಂದು ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನ. ಪರೀಕ್ಷೆಯ ದಿನವಲ್ಲ, ಮುಗಿದ ಮರುದಿನ. ಒತ್ತಡ ಇಳಿದ ಹೊತ್ತಿನಲ್ಲಿ ಬರುವುದೂ ಮೈಗ್ರೇನಿನ ಒಂದು ಚಾಳಿ. ಪರೀಕ್ಷೆ ತಪ್ಪಿಸಿಕೊಳ್ಳುವ ಉಪಾಯ ಎಂದಿದ್ದ ಭಾವನಿಗೆ ಆ ಚೌಕವನ್ನು ತೋರಿಸಿದೆ.

ಸಾಮಾನ್ಯವಾಗಿ ಒಂದೇ ಕಾರಣ ನೋವು ತರುವುದಿಲ್ಲ. ಎರಡು ಮೂರು ಒಟ್ಟಾದಾಗ ಬರುತ್ತದೆ. ಆದ್ದರಿಂದ ತಿನ್ನುವ ಪದಾರ್ಥಗಳ ಉದ್ದನೆಯ ನಿಷೇಧ ಪಟ್ಟಿ ಮಾಡಿ ಮಗುವಿನ ಬಾಯಿ ಕಟ್ಟಬೇಡಿ. ಚಾಕೊಲೇಟಿನ ವಿಷಯವನ್ನೇ ನೋಡಿ. ನೋವಿಗೆ ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಆಗ ಪದೇಪದೇ ಆಕಳಿಕೆ, ಸಿಡುಕು, ಸಿಹಿ ಬೇಕೆಂಬ ಆಸೆ ಕಾಣಿಸಿಕೊಳ್ಳಬಹುದು. ಚಾಕೊಲೇಟ್ ತಿಂದದ್ದಕ್ಕೆ ನೋವು ಬಂತು ಎಂದು ನಾವು ಬಯ್ಯುವಾಗ, ನೋವು ಬರುತ್ತಿದ್ದುದಕ್ಕೇ ಮಗು ಚಾಕೊಲೇಟ್ ಕೇಳಿರಬಹುದು. ಈಗ ಮಗಳು ಸಂಜೆ ಸುಮ್ಮನೆ ಆಕಳಿಸತೊಡಗಿದರೆ ನಾನು ಬೇಗ ಊಟ ಬಡಿಸುತ್ತೇನೆ.

ಹೆಜ್ಜೆ 5: ನೋವು ಶುರುವಾದ ಗಳಿಗೆ

ಮಾತ್ರೆ ಕೊಡಬೇಕೇ, ಸ್ವಲ್ಪ ಕಾದು ನೋಡಬೇಕೇ ಎಂಬುದು ನಮ್ಮ ಮನೆಗಳ ಹಳೆಯ ಚರ್ಚೆ. ತಡೆಯಲಾಗದಷ್ಟು ಆದಾಗ ಕೊಡೋಣ ಎನ್ನುತ್ತಾರೆ ಹಿರಿಯರು. ಮೈಗ್ರೇನಿನಲ್ಲಿ ಇದು ತಲೆಕೆಳಗಾದ ಲೆಕ್ಕ. ಜಠರ ನಿಧಾನವಾದ ಮೇಲೆ ನುಂಗಿದ ಮಾತ್ರೆ ಅಲ್ಲೇ ಕುಳಿತಿರುತ್ತದೆ, ಇಲ್ಲವೇ ವಾಂತಿಯಲ್ಲಿ ಹೊರಗೆ ಬರುತ್ತದೆ. ಇದೇ ಆ ನೋವು ಎಂದು ಮಗುವಿಗೆ ಗೊತ್ತಾದ ಮೊದಲ ಅರ್ಧ ಗಂಟೆಯಲ್ಲಿ ಕೊಟ್ಟ ಮಾತ್ರೆ ಕೆಲಸ ಮಾಡುವಷ್ಟು ಮೂರು ಗಂಟೆಯ ಮೇಲೆ ಕೊಟ್ಟದ್ದು ಮಾಡುವುದಿಲ್ಲ.

ಇನ್ನೊಂದು ತಪ್ಪು ಅರ್ಧ ಮಾತ್ರೆ. ಹದಿನಾಲ್ಕು ವರ್ಷದ ಹುಡುಗಿ ಇನ್ನೂ ಮಗು ಎಂದು ಅರ್ಧ ಮುರಿದು ಕೊಡುತ್ತೇವೆ. ವೈದ್ಯರು ಹಿಡಿಯುವುದು ತೂಕದ ಲೆಕ್ಕ. ಪ್ಯಾರಸಿಟಮಾಲ್ ಕೆ.ಜಿ.ಗೆ ಸುಮಾರು 15 ಮಿ.ಗ್ರಾಂ., ಐಬುಪ್ರೊಫೆನ್ ಕೆ.ಜಿ.ಗೆ ಸುಮಾರು 10 ಮಿ.ಗ್ರಾಂ. 45 ಕೆ.ಜಿ. ತೂಗುವವಳಿಗೆ 650ರ ಒಂದು ಪ್ಯಾರಸಿಟಮಾಲ್ ಅಥವಾ 400ರ ಒಂದು ಐಬುಪ್ರೊಫೆನ್ ಆಯಿತು. ನಿಮ್ಮ ಮಗುವಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರಿಂದ ಒಮ್ಮೆ ಬರೆಸಿಕೊಂಡು ಕಪಾಟಿನ ಬಾಗಿಲಿಗೆ ಅಂಟಿಸಿ. ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ಬೇಡ, ಎರಡು ಬಿಸ್ಕತ್ತಾದರೂ ತಿನ್ನಲಿ. ಉಬ್ಬಸ, ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಕೊಡಬಾರದು. ಮತ್ತೊಂದು ಪ್ಯಾರಸಿಟಮಾಲಿಗೆ ಆರು ಗಂಟೆಯ ಅಂತರ ಇರಲಿ. ಆಸ್ಪಿರಿನ್ ಇರುವ ತಲೆನೋವಿನ ಮಾತ್ರೆಗಳನ್ನು ಹದಿನಾರರೊಳಗಿನ ಮಕ್ಕಳಿಗೆ ನೀವಾಗಿ ಕೊಡಬೇಡಿ. ಅಪರೂಪಕ್ಕಾದರೂ ಅದು ಯಕೃತ್ತು ಮತ್ತು ಮಿದುಳಿಗೆ ಹಾನಿ ಮಾಡುವ ರೇ ಸಿಂಡ್ರೋಮ್ ತರಬಹುದು. ಪೇಟೆಯ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುವ ಮಾತ್ರೆಯಲ್ಲಿ ಏನಿದೆ ಎಂದು ಹಾಳೆಯ ಹಿಂದೆ ಓದಿಯೇ ಕೊಳ್ಳಿ. ಇವು ಸಾಲದಿದ್ದರೆ ಟ್ರಿಪ್ಟಾನ್ ಗುಂಪಿನ ಮಾತ್ರೆಗಳಿವೆ, ವಾಂತಿ ತಡೆಯುವ ಮಾತ್ರೆಗಳಿವೆ. ಅವು ವೈದ್ಯರ ಚೀಟಿಯ ಮೇಲೇ ಬರಬೇಕು.

ಮಾತ್ರೆಯಾದ ಮೇಲೆ ಒಂದು ಲೋಟ ನೀರು, ಕತ್ತಲೆ, ಮೌನ, ನಿದ್ದೆ. ಹಳೆಯ ತೊಟ್ಟಿಮನೆಗಳ ಉಗ್ರಾಣ ಇದಕ್ಕೆಂದೇ ಕಟ್ಟಿದಂತಿದೆ: ಕಿಟಕಿ ಇಲ್ಲ, ಮಣ್ಣಿನ ಗೋಡೆ, ತಂಪು. ಹೊಸ ಆರ್‌ಸಿಸಿ ಮನೆಯವರು ಕಿಟಕಿಗೆ ಕಂಬಳಿ ಕಟ್ಟಿಕೊಳ್ಳಬೇಕಾದೀತು. ಹಣೆಗೆ ಒದ್ದೆ ಬಟ್ಟೆ ಹಾಕಬಹುದು, ಅಜ್ಜಿಯ ಆ ಉಪಾಯ ಇಂದಿಗೂ ಒಳ್ಳೆಯದೇ. ಶುಂಠಿ ಕಷಾಯ ಹೊಟ್ಟೆ ತೊಳಸುವುದನ್ನು ಸ್ವಲ್ಪ ತಗ್ಗಿಸುತ್ತದೆ, ಮಗು ಕೇಳಿದರೆ ಕೊಡಿ. ಘಾಟಿನ ಬಾಮ್ ಕೆಲವರಿಗೆ ಹಿತ, ಕೆಲವರಿಗೆ ಅದೇ ವಾಂತಿಗೆ ದಾರಿ. ಮೂಗಿಗೆ ಸೊಪ್ಪಿನ ರಸ ಹಿಂಡುವವರ ಬಳಿ ಮಾತ್ರ ಕರೆದೊಯ್ಯಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಈಗ ಹೇಗಿದೆ ಎಂದು ಕೇಳುವುದನ್ನೂ ಬಿಡಿ. ಇದು ನನಗೆ ಮಗಳು ಎದ್ದ ಮೇಲೆ ಕೊಟ್ಟ ಸೂಚನೆ.

ಹೆಜ್ಜೆ 6: ನಡುವಿನ ದಿನಗಳು

ಮೈಗ್ರೇನ್ ಇರುವ ಮಿದುಳಿಗೆ ಬದಲಾವಣೆ ಆಗಿಬರುವುದಿಲ್ಲ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಅದಕ್ಕಿಂತಲೂ ಮುಖ್ಯ, ದಿನವೂ ಒಂದೇ ಹೊತ್ತಿಗೆ ಬೇಕು. ವಾರವಿಡೀ ಆರಕ್ಕೆ ಎದ್ದು ಭಾನುವಾರ ಹತ್ತರವರೆಗೆ ಮಲಗುವುದೂ ನೋವು ತರಬಹುದು. ಒಂದು ಗಂಟೆ ಹೆಚ್ಚು ಮಲಗಲಿ, ಸಾಕು.

ತಿಂಡಿಯದು ನಮ್ಮ ಕಡೆಯ ನಿಜವಾದ ಸಮಸ್ಯೆ. ಒಂದೇ ಬಸ್ ಇರುವ ಹಳ್ಳಿಗಳ ಮಕ್ಕಳು ಏಳಕ್ಕೆ ಹೊರಟರೆ ಹೊಟ್ಟೆಗೆ ಏನಾದರೂ ಬೀಳುವುದು ಮಧ್ಯಾಹ್ನದ ಬಿಸಿಯೂಟಕ್ಕೇ. ಎದ್ದ ಕೂಡಲೇ ತಿನ್ನಲಾಗದ ಮಗುವಿಗೆ ಎರಡು ದೋಸೆ ಸುತ್ತಿ ಡಬ್ಬಿಗೆ ಹಾಕಿ, ಬಸ್ಸಿನಿಂದ ಇಳಿದು ತಿನ್ನಲಿ. ನೀರಿನ ಬಾಟಲಿ ತುಂಬಿ ಹೋಗಿ ತುಂಬಿಯೇ ವಾಪಸು ಬಂದರೆ ಕಾರಣ ಕೇಳಿ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಶಿಕ್ಷಕಿಯಾಗಿ ಹೇಳುತ್ತೇನೆ, ಇದು ಮಗುವನ್ನು ಗದರಿಸಿ ಬಗೆಹರಿಯುವ ವಿಷಯವಲ್ಲ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎತ್ತಬೇಕಾದದ್ದು.

ಮಲೆನಾಡಿನ ಮನೆಯಲ್ಲಿ ಕಾಫಿ ಬೇಡವೆನ್ನುವುದು ಕಷ್ಟ. ದಿನಕ್ಕೆ ಮೂರು ಲೋಟ ಕುಡಿಯುವ ಮಗು ಒಂದು ದಿನ ಬಿಟ್ಟರೂ ತಲೆ ನೋಯುತ್ತದೆ. ಒಮ್ಮೆಲೇ ನಿಲ್ಲಿಸಬೇಡಿ, ವಾರಕ್ಕೆ ಅರ್ಧ ಲೋಟದಂತೆ ಇಳಿಸಿ. ಸಂಜೆಯದನ್ನು ಮೊದಲು ತೆಗೆಯಿರಿ. ಆಟವನ್ನು ಮಾತ್ರ ಬಿಡಿಸಬೇಡಿ, ನಿಯಮಿತವಾಗಿ ಮೈ ಬೆವರುವುದು ಒಳ್ಳೆಯದು. ಮೊಬೈಲಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ ತಾಯಂದಿರಷ್ಟು ಕಟುವಲ್ಲ. ತೊಂದರೆ ಕೊಡುವುದು ಪರದೆಗಿಂತ ಹೆಚ್ಚಾಗಿ ಅದು ಕದಿಯುವ ನಿದ್ದೆ. ರಾತ್ರಿ ಅದು ನಡುಮನೆಯಲ್ಲಿ ಚಾರ್ಜಿಗೆ ಇದ್ದರೆ ಅರ್ಧ ಜಗಳ ಮುಗಿಯಿತು.

ಹೆಜ್ಜೆ 7: ಶಾಲೆಗೆ ಒಂದು ಪತ್ರ

ನನ್ನ ಮಗಳನ್ನು ಒಮ್ಮೆ ದೈಹಿಕ ಶಿಕ್ಷಣದ ಅವಧಿಯಲ್ಲಿ, ನಾಟಕ ಮಾಡುತ್ತೀಯಾ ಎಂದು ಬಿಸಿಲಿಗೇ ನಿಲ್ಲಿಸಿದ್ದರು. ಅವರ ಮೇಲೆ ನನಗೆ ಈಗ ಕೋಪವಿಲ್ಲ. ಅವರಿಗೆ ನಾನು ಏನೂ ತಿಳಿಸಿರಲಿಲ್ಲ. ವರ್ಷದ ಮೊದಲಲ್ಲೇ ವೈದ್ಯರ ಚೀಟಿಯ ಪ್ರತಿಯೊಂದಿಗೆ ಒಂದು ಪುಟದ ಪತ್ರ ಕೊಡಿ. ಅದರಲ್ಲಿ ನಾಲ್ಕು ವಿಷಯ ಇದ್ದರೆ ಸಾಕು: ಮಗುವಿಗೆ ಮೈಗ್ರೇನ್ ಇದೆ, ನೋವು ಶುರುವಾಯಿತು ಎಂದರೆ ಚೀಲದಲ್ಲಿರುವ ಮಾತ್ರೆಯನ್ನು ಕೂಡಲೇ ನುಂಗಲು ಬಿಡಿ, ಅರ್ಧ ಗಂಟೆ ಮಬ್ಬು ಬೆಳಕಿನ ಕೋಣೆಯಲ್ಲಿ ಮಲಗಲು ಬಿಡಿ, ಸರಿಹೋದರೆ ತರಗತಿಗೆ ಕಳಿಸಿ, ಇಲ್ಲದಿದ್ದರೆ ಈ ಸಂಖ್ಯೆಗೆ ಕರೆ ಮಾಡಿ. ಕೂಡಲೇ ಮನೆಗೆ ಕಳಿಸಿ ಎಂದು ಬರೆಯಬೇಡಿ. ಬೇಗ ಮಾತ್ರೆ ತೆಗೆದುಕೊಂಡ ಮಕ್ಕಳು ಕೊನೆಯ ಎರಡು ಅವಧಿಗೆ ಎದ್ದು ಕುಳಿತದ್ದನ್ನು ನೋಡಿದ್ದೇನೆ.

ಎಸ್ಸೆಸ್ಸೆಲ್ಸಿ ವರ್ಷದವರು ಪರೀಕ್ಷೆಯ ದಿನಕ್ಕೆ ಹೊಸ ಮಾತ್ರೆ ಪ್ರಯೋಗಿಸಬೇಡಿ. ಹಿಂದೆ ಕೆಲಸ ಮಾಡಿದ್ದೇ ಇರಲಿ. ಹಿಂದಿನ ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಿಸಿ.

ಅಪರೂಪದ್ದು ಪದೇಪದೇ ಆದಾಗ

ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ಸಲ ಬರತೊಡಗಿದರೆ, ಮೂರು ತಿಂಗಳಲ್ಲಿ ಕ್ಯಾಲೆಂಡರಿನ ತುಂಬ ಸುತ್ತುಗಳಾದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕು. ಮೊದಲು ಮಾತ್ರೆಗಳನ್ನು ಎಣಿಸಿ. ಸಾಧಾರಣ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಮಿಶ್ರಣದ ಮಾತ್ರೆಗಳನ್ನು 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ವಾರಕ್ಕೆ ಎರಡು ದಿನ ಮೀರದಂತೆ ನೋಡಿಕೊಳ್ಳುವುದು ಕ್ಷೇಮ.

ದಿನವೂ ನುಂಗುವ ತಡೆಮಾತ್ರೆಗಳೂ ಇವೆ. ಅವುಗಳ ಬಗ್ಗೆ ಒಂದು ಕುತೂಹಲದ ಸಂಗತಿ. 2017ರಲ್ಲಿ ಅಮೆರಿಕದಲ್ಲಿ 8ರಿಂದ 17 ವರ್ಷದ ಮಕ್ಕಳಿಗೆ ಅಮಿಟ್ರಿಪ್ಟಿಲಿನ್, ಟೋಪಿರಮೇಟ್ ಎಂಬ ಎರಡು ಹೆಸರಾಂತ ಔಷಧಿಗಳನ್ನೂ ಔಷಧಿಯೇ ಇಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಮೂರೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ತಲೆನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವು, ಔಷಧಿ ಹುಸಿಮಾತ್ರೆಯನ್ನು ಮೀರಿಸಲಿಲ್ಲ. ತಡೆಮಾತ್ರೆ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ, ಬೇಕಾದ ಮಕ್ಕಳೂ ಇದ್ದಾರೆ. ಆದರೆ ಮೊದಲ ಭೇಟಿಯಲ್ಲೇ ಅದನ್ನು ಬರೆಯಿರಿ ಎಂದು ವೈದ್ಯರನ್ನು ಒತ್ತಾಯಿಸಬೇಕಿಲ್ಲ.

ಹುಡುಗಿಯರ ತಾಯಂದಿರಿಗೆ ಇನ್ನೊಂದು ವಿಷಯ. ಮುಟ್ಟು ಸರಿಯಿಲ್ಲವೆಂದು ಹದಿನಾರು, ಹದಿನೇಳರ ಹುಡುಗಿಯರಿಗೆ ಹಾರ್ಮೋನು ಮಾತ್ರೆ ಬರೆಯುವುದು ಈಗ ಸಾಮಾನ್ಯ. ಮೈಗ್ರೇನಿಗೆ ಮೊದಲು ಅಂಕುಡೊಂಕು ಗೆರೆ ಕಾಣುವವರಿಗೆ ಈಸ್ಟ್ರೋಜನ್ ಇರುವ ಮಾತ್ರೆ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ. ಸ್ತ್ರೀರೋಗ ತಜ್ಞರು ಕೇಳದಿದ್ದರೂ ನೀವೇ ಹೇಳಿ.

ಮಗಳು ಈಗ ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ಎರಡು ತಿಂಗಳಿಗೊಮ್ಮೆ ಬರುತ್ತದೆ, ಅರ್ಧ ದಿನದಲ್ಲಿ ಹೋಗುತ್ತದೆ. ಕೆಲವರಿಗೆ ಬೆಳೆಯುತ್ತಾ ಪೂರ್ತಿ ನಿಂತುಹೋಗುತ್ತದೆ, ಕೆಲವರಿಗೆ ಜೊತೆಗೇ ಉಳಿಯುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದಾಳೆ, ಬರೆಯುವುದು ಈಗ ಅವಳದೇ ಕೆಲಸ. ನನಗೆ ಉಳಿದಿರುವುದು ಒಂದೇ. ಶಾಲೆಯ ಚೀಲದ ಒಳಜೇಬಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಮಾತ್ರೆಯ ಹಾಳೆ ನಮ್ಮ ಮಳೆಗಾಲದಲ್ಲಿ ಕೊಡೆಯ ನೀರಿಗೆ ನೆನೆದು ಒಡೆದಿರುತ್ತದೆ. ಜೂನ್ ಮೊದಲ ವಾರ ಅದನ್ನು ತೆಗೆದು, ಅವಧಿ ಮುಗಿಯದ ಹೊಸ ಹಾಳೆಯೊಂದನ್ನು ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ಹಾಕಿ ಇಡುತ್ತೇನೆ.